ಕೈಯಲ್ಲಿ ಎರಡು ಎಕ್ಕ, ಅಕೌಂಟ್‌ನಲ್ಲಿ ಸೊನ್ನೆ!

2025ರ ಆಗಸ್ಟ್. ಆನ್‌ಲೈನ್ ಗೇಮಿಂಗ್ ಮಸೂದೆ ಸಂಸತ್ತಿನಲ್ಲಿ ಪಾಸಾದ ವಾರ. ನಮ್ಮ ಚಾನೆಲ್‌ನಲ್ಲೂ ಅದರ ಮೇಲೊಂದು ಫೋನ್-ಇನ್ ಕಾರ್ಯಕ್ರಮ ಇತ್ತು. ದಾವಣಗೆರೆಯಿಂದ ಒಬ್ಬ ತಾಯಿ ಕರೆ ಮಾಡಿದರು.

"ಸಾರ್, ನೀವು ನನ್ನ ಮಗನ ವಯಸ್ಸಿನೋರು, ತಪ್ಪು ತಿಳ್ಕೋಬೇಡಿ. ನನ್ನ ಮಗ ಮೊಬೈಲಲ್ಲಿ ಪೋಕರ್ ಆಡ್ತಾನೆ. ಬೈದ್ರೆ, 'ಅಮ್ಮಾ, ಇದು ಜೂಜಲ್ಲ, ಲೆಕ್ಕದ ಆಟ. ಸಣ್ಣ ದುಡ್ಡಿಗೆ ಆಡ್ತೀನಿ, ಒಳ್ಳೆ ಎಲೆ ಬಂದಾಗ ಮಾತ್ರ ಆಡ್ತೀನಿ, ಸೋಲೋ ಮಾತೇ ಇಲ್ಲ' ಅಂತಾನೆ. ನೀವು ಇಂಜಿನಿಯರಿಂಗ್ ಓದಿದೋರಂತೆ. ಅವನು ಹೇಳೋದು ನಿಜಾನಾ?"

ಬ್ರೇಕ್‌ಗೆ 30 ಸೆಕೆಂಡ್ ಬಾಕಿ ಇತ್ತು. "ಅರ್ಧ ನಿಜ ಅಮ್ಮಾ" ಅಂದೆ. ಅಷ್ಟರಲ್ಲಿ ಜಾಹೀರಾತು ಬಂತು, ಲೈನ್ ಕಟ್ ಆಯ್ತು. ಇನ್ನರ್ಧ ಹೇಳೋಕೆ ಆಗಲಿಲ್ಲ. ಅದನ್ನ ಇವತ್ತು ಹೇಳ್ತೀನಿ. ಹೇಳೋ ಮುಂಚೆ ಒಂದು ತಪ್ಪೊಪ್ಪಿಗೆ ಇದೆ. ನಾನು ಈ ಆಟವನ್ನ ದೂರದಿಂದ ನೋಡಿ ಮಾತಾಡ್ತಿಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆರು ತಿಂಗಳು ನಾನೂ ಆಡಿದ್ದೇನೆ. ಆ ಹುಡುಗ ಇವತ್ತು ಹೇಳ್ತಿರೋ ಮಾತನ್ನ ನಾನೂ ಹೇಳಿದ್ದೇನೆ.

ಮೊದಲು ಆಟ ಏನು ಅಂತ ನೋಡಿಬಿಡೋಣ. ಯುಗಾದಿ ದಿನ ಊರ ಜಗಲಿ ಮೇಲೆ ಆಡೋ ಅಂದರ್ ಬಾಹರ್ ನಿಮಗೆ ಗೊತ್ತು. ಅದರಲ್ಲಿ ಕೈಚಳಕ ಇಲ್ಲ, ಬುದ್ಧಿ ಇಲ್ಲ. ಎಲೆ ಒಳಗೆ ಬಿತ್ತಾ, ಹೊರಗೆ ಬಿತ್ತಾ, ಅಷ್ಟೇ. ಪೋಕರ್ ಹಾಗಲ್ಲ. ಹೆಚ್ಚು ಜನ ಆಡೋ 'ಟೆಕ್ಸಾಸ್ ಹೋಲ್ಡೆಮ್' ಅನ್ನೋ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ ಕೊಡ್ತಾರೆ. ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತವೆ: ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್, ಆಮೇಲೆ ಒಂದು, ಅದು ಟರ್ನ್, ಕೊನೆಗೆ ಇನ್ನೊಂದು, ಅದು ರಿವರ್. ಈ ಏಳರಲ್ಲಿ ಯಾರ ಐದು ಎಲೆ ಬಲವೋ ಅವನಿಗೆ ದುಡ್ಡು. ಪ್ರತಿ ಹಂತದಲ್ಲೂ ಪಂದ್ಯ ಕಟ್ಟಬಹುದು, ಏರಿಸಬಹುದು, ಎಲೆ ಬಿಸಾಕಿ ಹೊರಗೂ ಬರಬಹುದು. ಆಟ ಶುರುವಾಗೋ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಸ್ವಲ್ಪ ದುಡ್ಡು ಇಡಬೇಕು. ಸಣ್ಣದಕ್ಕೆ ಸ್ಮಾಲ್ ಬ್ಲೈಂಡ್, ದೊಡ್ಡದಕ್ಕೆ ಬಿಗ್ ಬ್ಲೈಂಡ್ ಅಂತ ಹೆಸರು. ನಾನು ಆಡುತ್ತಿದ್ದ ಟೇಬಲ್‌ನಲ್ಲಿ ಅದು ₹2 ಮತ್ತು ₹4. ಕೂರೋಕೆ ₹400. ಒಂದು ಸಿನಿಮಾ ಟಿಕೆಟ್, ಒಂದು ಪಾಪ್‌ಕಾರ್ನ್. 'ಸಣ್ಣ ದುಡ್ಡು' ಅಂದ್ರೆ ಇದೇ.

ಈಗ ಲೆಕ್ಕಕ್ಕೆ ಬರೋಣ. ಇಸ್ಪೀಟ್ ಕಟ್ಟಿನಲ್ಲಿ 52 ಎಲೆ. ಅದರಲ್ಲಿ ಎರಡೆರಡು ಎಲೆಯ ಜೋಡಿ ಎಷ್ಟು ಥರ ಬರಬಹುದು? 1,326 ಥರ. ಎರಡು ಎಕ್ಕ ಬರೋ ಜೋಡಿ ಕೇವಲ 6. ಅಂದ್ರೆ ಸರಾಸರಿ 221 ಆಟಕ್ಕೊಮ್ಮೆ ನಿಮ್ಮ ಕೈಗೆ ಎರಡು ಎಕ್ಕ. ಎರಡು ರಾಜ, ಎರಡು ರಾಣಿ, ಜೊತೆಗೆ ಒಂದು ಎಕ್ಕ ಒಂದು ರಾಜ, ಇವನ್ನೆಲ್ಲಾ ಸೇರಿಸಿದರೂ 34 ಜೋಡಿ. ಸುಮಾರು 39 ಆಟಕ್ಕೆ ಒಂದು. ಉಳಿದ 38 ಆಟ? ಬಿಸಾಕೋದು, ಇಲ್ಲಾ ಎಚ್ಚರಿಕೆಯಿಂದ ಆಡೋದು. 'ಒಳ್ಳೆ ಎಲೆ ಬಂದಾಗ ಮಾತ್ರ ಆಡ್ತೀನಿ' ಅನ್ನೋದು ಬಾಯಲ್ಲಿ ಹೇಳೋಕೆ ಸುಲಭ. ಗಂಟೆಗಟ್ಟಲೆ ಎಲೆ ಬಿಸಾಕ್ತಾ ಕೂರೋ ತಾಳ್ಮೆ ಎಷ್ಟು ಜನಕ್ಕಿದೆ?

ಸರಿ, ಕಾದಿದ್ದೀರಿ, ಎರಡು ಎಕ್ಕ ಬಂತು. ಗೆದ್ದ ಹಾಗೇನಾ?

ಎದುರಿಗೆ ಒಬ್ಬನೇ ಇದ್ದು, ಅವನ ಕೈಯಲ್ಲಿ ಯಾವುದೋ ಎರಡು ಎಲೆ ಇದ್ದು, ಐದೂ ಎಲೆ ಬಿಚ್ಚೋತನಕ ಇಬ್ಬರೂ ನಿಂತರೆ, 100ರಲ್ಲಿ 85 ಸಲ ನೀವು ಗೆಲ್ತೀರಿ. ಎದುರಿಗೆ ಇಬ್ಬರಿದ್ದರೆ 73. ಮೂವರಿದ್ದರೆ 64. ನಾಲ್ವರಿದ್ದರೆ 56. ಐವರಾದ ತಕ್ಷಣ 50ಕ್ಕಿಂತ ಕೆಳಗೆ, 49. ಎದುರಿಗೆ ಒಂಬತ್ತೂ ಜನ ನಿಂತರೆ ಬರೀ 31. ಜಗತ್ತಿನ ಅತ್ಯಂತ ಬಲವಾದ ಎರಡು ಎಲೆ ನಿಮ್ಮ ಕೈಯಲ್ಲಿದೆ, ಆದರೂ ಮೂರರಲ್ಲಿ ಎರಡು ಸಲ ನೀವು ಸೋಲ್ತೀರಿ!

ಇಲ್ಲೇ ಎಲ್ಲರೂ ಎಡವೋದು. 'ಅಯ್ಯೋ, ಜನ ಜಾಸ್ತಿ ಆದ್ರೆ ಎಕ್ಕ ವೇಸ್ಟ್' ಅಂದ್ಕೊಳ್ತಾರೆ. ತಡೀರಿ, ದುಡ್ಡಿನ ಲೆಕ್ಕ ಹಾಕೋಣ. ಎಲ್ಲರೂ ಎಲೆ ಬಿಚ್ಚೋ ಮುಂಚೆಯೇ ತಲಾ ₹100 ಇಟ್ಟರು ಅಂದ್ಕೊಳ್ಳಿ. ಎದುರಿಗೆ ಒಬ್ಬನಿದ್ದರೆ ಒಟ್ಟು ₹200, ಅದರಲ್ಲಿ ಸರಾಸರಿ ನಿಮ್ಮ ಪಾಲು ₹170. ನೀವು ಹಾಕಿದ ₹100 ಕಳೆದರೆ ಲಾಭ ₹70. ನಾಲ್ವರಿದ್ದರೆ ಒಟ್ಟು ₹500, ನಿಮ್ಮ ಪಾಲು ₹280, ಲಾಭ ₹180. ಒಂಬತ್ತು ಜನ ಇದ್ದರೆ ಒಟ್ಟು ₹1,000, ನಿಮ್ಮ ಪಾಲು ₹310, ಲಾಭ ₹210. ನೋಡಿದ್ರಾ? ಗೆಲ್ಲೋ ಸಲ ಕಡಿಮೆ ಆಗ್ತಾ ಹೋಯ್ತು, ಸರಾಸರಿ ಲಾಭ ಏರ್ತಾ ಹೋಯ್ತು.

ಎಷ್ಟು ಸಲ ಗೆದ್ದೆ ಅನ್ನೋದು ಬೇರೆ, ಎಷ್ಟು ಗಳಿಸಿದೆ ಅನ್ನೋದು ಬೇರೆ. ಮನುಷ್ಯನ ಮನಸ್ಸಿಗೆ ಮೊದಲನೆಯದು ಮಾತ್ರ ಕಾಣುತ್ತೆ. ಈ ಒಂದು ಮಾತು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಹಾಗಾದ್ರೆ ಬಲವಾದ ಎಲೆಯನ್ನ ಆಡೋದು ಹೇಗೆ? ಸಣ್ಣ ದುಡ್ಡಿನ ಟೇಬಲ್‌ಗಳಿಗೆ ಒಂದು ಸ್ವಭಾವ ಇದೆ. ಅಲ್ಲಿ ಯಾರೂ ಎಲೆ ಬಿಸಾಕಲ್ಲ. ₹4 ತಾನೇ, ನೋಡೇಬಿಡೋಣ ಅಂತ ಸತ್ತ ಎಲೆ ಹಿಡಿದುಕೊಂಡೂ ಬರ್ತಾರೆ. ಅಂಥವರ ಎದುರು ಬುದ್ಧಿವಂತಿಕೆ ತೋರಿಸೋಕೆ ಹೋಗಬಾರದು, ನೇರವಾಗಿ ಆಡಬೇಕು. ಎಕ್ಕ ಬಂತಾ, ಮೊದಲ ಸುತ್ತಿನಲ್ಲೇ ಪಂದ್ಯ ಏರಿಸಿ. ಸಾಮಾನ್ಯ ನಿಯಮ: ಬಿಗ್ ಬ್ಲೈಂಡ್‌ನ ಮೂರು ಪಟ್ಟು, ನಿಮಗಿಂತ ಮುಂಚೆ ಸುಮ್ಮನೆ ಒಳಗೆ ಬಂದ ಪ್ರತಿಯೊಬ್ಬನ ಲೆಕ್ಕಕ್ಕೆ ಇನ್ನೊಂದು ಪಟ್ಟು. ಇಬ್ಬರು ಬಂದಿದ್ದರೆ ಐದು ಪಟ್ಟು, ಅಂದ್ರೆ ₹20. ಯಾಕೆ? ನೀವು ಮುಂದಿರೋದು ಖಚಿತ ಇರೋ ಹೊತ್ತಲ್ಲೇ ದುಡ್ಡು ಒಳಗೆ ಬರಬೇಕು. ಬರೋನು ಬೆಲೆ ಕೊಟ್ಟು ಬರಲಿ. ಪುಕ್ಕಟೆ ಬಿಟ್ಟರೆ ಎರಡು ಕಡೆ ನಷ್ಟ: ಮಡಕೆಯಲ್ಲಿ ದುಡ್ಡೂ ಇರಲ್ಲ, ಯಾರ ಕೈಯಲ್ಲಿ ಏನಿದೆ ಅನ್ನೋ ಸುಳಿವೂ ಇರಲ್ಲ.

ಜನ ಇದನ್ನ ಮಾಡಲ್ಲ. ಮೊದಲ ತಪ್ಪು, ಅಡಗಿಸೋದು. ಎಕ್ಕ ಇದೆ ಅಂತ ಗೊತ್ತಾಗಬಾರದು, ಬಲೆ ಬೀಸೋಣ ಅಂತ ಸುಮ್ಮನೆ ₹4 ಇಟ್ಟು ಕೂರೋದು. ಎರಡನೇ ತಪ್ಪು ಇನ್ನೂ ದುಬಾರಿ, ಅದು ಬಿಡದೇ ಹಿಡಿಯೋದು. ಎರಡು ಎಕ್ಕ ಅಂದ್ರೆ ಎಷ್ಟೇ ದೊಡ್ಡದಾದ್ರೂ ಅದು ಒಂದೇ ಒಂದು ಜೋಡಿ. ಎದುರಿನವನಿಗೆ ಎರಡು ಜೋಡಿ ಬಿದ್ದರೆ, ಒಂದೇ ಥರದ ಮೂರು ಎಲೆ ಬಿದ್ದರೆ, ನಿಮ್ಮ ಎಕ್ಕಕ್ಕೆ ಬೆಲೆ ಇಲ್ಲ. ಅಷ್ಟೊತ್ತು ತೆಪ್ಪಗೆ ದುಡ್ಡು ಹಾಕ್ತಿದ್ದವನು ಟರ್ನ್‌ನಲ್ಲಿ ಇದ್ದಕ್ಕಿದ್ದ ಹಾಗೆ ಜೋರಾಗಿ ಏರಿಸಿದರೆ, ಸಣ್ಣ ಟೇಬಲ್‌ನಲ್ಲಿ ಹೆಚ್ಚಿನ ಸಲ ಅವನು ಸುಳ್ಳು ಹೇಳ್ತಿರಲ್ಲ. ಅವನನ್ನ ನಂಬಬೇಕು. ಎಕ್ಕ ಬಿಸಾಕಬೇಕು. ಕೈ ಬರುತ್ತಾ?

ಉಳಿದ ದೊಡ್ಡ ಎಲೆಗಳ ಕತೆಯೂ ಕೇಳಿ. ಎರಡು ರಾಜ ಸಿಕ್ಕಿದೆ. ಫ್ಲಾಪ್‌ನಲ್ಲಿ ಕಡೇ ಪಕ್ಷ ಒಂದು ಎಕ್ಕ ಬರೋ ಸಂಭವ ಶೇ. 22ಕ್ಕೂ ಹೆಚ್ಚು, ಸುಮಾರು ನಾಲ್ಕೂವರೆ ಸಲಕ್ಕೊಮ್ಮೆ. ಬಂದ ತಕ್ಷಣ ನಿಮ್ಮ ರಾಜನಿಗೆ ಬೆವರು. ಎಕ್ಕ-ರಾಜ ಸಿಕ್ಕಿದೆ, ನೋಡೋಕೆ ಭಾರಿ ಚೆಂದ. ಆದರೆ ಅದಿನ್ನೂ ಜೋಡಿಯೇ ಆಗಿಲ್ಲ. ಫ್ಲಾಪ್‌ನಲ್ಲಿ ಎಕ್ಕವೋ ರಾಜನೋ ಬೀಳೋದು ಮೂರರಲ್ಲಿ ಒಂದು ಸಲ. ಎದುರಿಗೆ ಎರಡು ರಾಣಿ ಇಟ್ಟುಕೊಂಡು ಕೊನೇತನಕ ನಿಂತವನ ಮುಂದೆ ಎಕ್ಕ-ರಾಜ ಸ್ವಲ್ಪ ಹಿಂದೆಯೇ. ಎಕ್ಕ-ರಾಜ ಅಂದ್ರೆ ಗೆದ್ದ ಎಲೆ ಅಂತ ನಂಬಿ ಸರ್ವಸ್ವವನ್ನೂ ಮುಂದಕ್ಕೆ ತಳ್ಳೋರು ಸಣ್ಣ ಟೇಬಲ್‌ಗಳ ತುಂಬಾ ಸಿಗ್ತಾರೆ. ನಾನೂ ಒಬ್ಬ.

ಈಗ ಆ ರಾತ್ರಿಗೆ ಬರ್ತೀನಿ.

ಇಂಜಿನಿಯರಿಂಗ್ ಓದೋಕೆ ಮಾಡಿದ್ದ ಎಜುಕೇಶನ್ ಲೋನ್ ಇತ್ತು. ಪ್ರತಿ ತಿಂಗಳು 5ನೇ ತಾರೀಖು ₹7,800 ಕಂತು. ಸಂಬಳ ಬಂದಿತ್ತು, ಕಂತಿನ ದುಡ್ಡು ಅಕೌಂಟ್‌ನಲ್ಲಿತ್ತು. ರೂಮ್‌ಮೇಟ್‌ಗಳು ಮಲಗಿದ್ದರು. ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಟೇಬಲ್ ಒಟ್ಟಿಗೆ ತೆರೆದು ಕೂತಿದ್ದೆ. ಎರಡು ಎಕ್ಕ ಬಂತು. ನನಗಿಂತ ಮುಂಚೆ ಇಬ್ಬರು ಸುಮ್ಮನೆ ₹4 ಇಟ್ಟು ಬಂದಿದ್ದರು. ಏರಿಸಬೇಕಿತ್ತು. ನಾನು ಬಲೆ ಬೀಸಿದೆ, ₹4 ಇಟ್ಟೆ. ಬ್ಲೈಂಡ್ ಇಟ್ಟಿದ್ದ ಇಬ್ಬರೂ ಒಳಗೆ ಬಂದರು. ಐದು ಜನ, ಮಡಕೆಯಲ್ಲಿ ₹20. ಫ್ಲಾಪ್‌ನಲ್ಲಿ ಬಂದಿದ್ದು ಒಂಬತ್ತು, ಎಂಟು, ನಾಲ್ಕು. ಬಿಗ್ ಬ್ಲೈಂಡ್‌ನವನು ಏರಿಸಿದ, ನಾನು ಏರಿಸಿದೆ, ಅವನು ಮತ್ತೆ ಏರಿಸಿದ. ಇಬ್ಬರೂ ಇದ್ದಬದ್ದ ₹400 ತಳ್ಳಿದೆವು. ಅವನ ಕೈಯಲ್ಲಿದ್ದದ್ದು ಒಂಬತ್ತು-ನಾಲ್ಕು. ಎರಡು ಜೋಡಿ!

ಒಂಬತ್ತು-ನಾಲ್ಕು ಹಿಡಿದವನು ₹20 ಕೇಳಿದ್ರೆ ಬರ್ತಿದ್ನಾ? ಬಹುಶಃ ಇಲ್ಲ. ಅವನನ್ನ ಪುಕ್ಕಟೆ ಒಳಗೆ ಕರೆದವನು ನಾನು. ಆದರೆ ಆ ಹೊತ್ತಿಗೆ ತಲೆಗೆ ಬಂದ ಮಾತು ಅದಲ್ಲ. 'ನನ್ನ ಹತ್ರ ಎಕ್ಕ ಇತ್ತು. ಆ ದುಡ್ಡು ನನ್ನದು. ಅವನು ಕಿತ್ಕೊಂಡ.' ಅಲ್ಲಿಂದ ಶುರು. ಮತ್ತೆ ₹400, ಎಕ್ಕ-ರಾಜ, ಹೋಯ್ತು. ಮತ್ತೆ ₹400, ಮತ್ತೆ ₹400. ₹1,600 ಹೋದ ಮೇಲೆ ಸಣ್ಣ ಟೇಬಲ್ ಸಾಕಾಗಲಿಲ್ಲ. ಬೇಗ ವಾಪಸ್ ಪಡೀಬೇಕಲ್ಲ? ₹10-₹20 ಟೇಬಲ್‌ಗೆ ಹೋದೆ, ಕೂರೋಕೆ ₹2,000. ಬೆಳಗಿನ ಜಾವದ ಹೊತ್ತಿಗೆ ನಾಲ್ಕು ಸಲ ಕೂತು ನಾಲ್ಕು ಸಲವೂ ಬರಿಗೈಲಿ ಎದ್ದಿದ್ದೆ. ಒಟ್ಟು ₹9,600.

5ನೇ ತಾರೀಖು ಕಂತು ಬೌನ್ಸ್ ಆಯ್ತು. ಬ್ಯಾಂಕಿನವರು ನನಗೆ ಫೋನ್ ಮಾಡಲಿಲ್ಲ, ಜಾಮೀನು ಹಾಕಿದ್ದ ಅಪ್ಪನಿಗೆ ಮಾಡಿದರು. ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾಲ್ಕು ಜನರ ಎದುರು ಆ ಫೋನ್ ಎತ್ತಿದ್ದಾರೆ. ಸಂಜೆ ನನಗೆ ಕರೆ ಮಾಡಿದರು. ನಾನು ಎಲ್ಲ ಹೇಳಿಬಿಟ್ಟೆ. ಬೈತಾರೆ ಅಂತ ಕಾದೆ. ಬೈಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕದ ಆಟ ಅಂತೀಯಲ್ಲೋ, ಲೆಕ್ಕ ಎಲ್ಲಿ ತಪ್ತು, ನೋಡಿದ್ಯಾ?" ಅಂದರು.

ನೋಡಿರಲಿಲ್ಲ. ಆ ಭಾನುವಾರ ಕೂತು ನೋಡಿದೆ. ಆಡಿದ ಪ್ರತಿ ಆಟದ ವಿವರ ಲ್ಯಾಪ್‌ಟಾಪ್‌ನಲ್ಲಿ ಉಳಿದಿತ್ತು. ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದೆ. ಸುಮಾರು 18,000 ಆಟ. ಅಷ್ಟು ಆಟಕ್ಕೆ ಎರಡು ಎಕ್ಕ 81 ಸಲ ಬರಬೇಕು, ನನಗೆ 77 ಸಲ ಬಂದಿತ್ತು. ನನ್ನ ಅದೃಷ್ಟ ಖೋಟಾ ಏನಲ್ಲ, ಲೆಕ್ಕದ ಪ್ರಕಾರವೇ ಇತ್ತು. ಆ 77 ಆಟದಲ್ಲಿ ಒಟ್ಟು ಲಾಭವೋ ನಷ್ಟವೋ? ಲಾಭ! ಆ ರಾತ್ರಿಯ ಸೋಲನ್ನೂ ಸೇರಿಸಿ ₹2,400 ಲಾಭ. ರಾಜ ಜೋಡಿಯಲ್ಲೂ ಲಾಭವೇ. ನಾನು ಶಪಿಸಿದ ಎಲೆಗಳು ನನಗೆ ದುಡಿದು ಕೊಟ್ಟಿದ್ದವು.

ಹಾಗಾದ್ರೆ ದುಡ್ಡು ಹೋಗಿದ್ದೆಲ್ಲಿ? ಎರಡು ಕಡೆ. ಒಂದು, ರೇಕ್. ಆಟ ನಡೆಸೋನು ಪ್ರತಿ ಮಡಕೆಯಿಂದ ಒಂದು ಪಾಲು ಎತ್ತಿಕೊಳ್ತಾನೆ. ನನ್ನ ಟೇಬಲ್‌ನಲ್ಲಿ ಅದು ಶೇ. 5 ಇತ್ತು. ಐದು ಪರ್ಸೆಂಟ್ ತಾನೇ ಅಂದ್ಕೊಂಡಿದ್ದೆ. ಕೂಡಿಸಿ ನೋಡಿದರೆ ಆರು ತಿಂಗಳಲ್ಲಿ ನನ್ನ ಪಾಲಿನ ರೇಕ್ ₹4,300! ಎಕ್ಕಗಳು ದುಡಿದು ಕೊಟ್ಟಿದ್ದಕ್ಕಿಂತ ಹೆಚ್ಚು. ನಾನು ಸೋತ ದಿನವೂ ಅವನಿಗೆ ಬಂತು, ಗೆದ್ದ ದಿನವೂ ಬಂತು. ಅವನು ಒಂದು ಎಲೆಯನ್ನೂ ಮುಟ್ಟಲಿಲ್ಲ. ಟೇಬಲ್ ಸಣ್ಣದಾದಷ್ಟೂ ಗೆಲ್ಲೋ ಮೊತ್ತದ ಎದುರು ಈ ರೇಕ್‌ನ ಭಾರ ಜಾಸ್ತಿ. 'ಸಣ್ಣ ದುಡ್ಡಿಗೆ ಆಡ್ತೀನಿ' ಅನ್ನೋದು ರಕ್ಷಣೆ ಅಂತ ಆ ಹುಡುಗ ತಿಳಿದಿದ್ದಾನೆ. ಅಲ್ಲೇ ಲೆಕ್ಕ ಅವನ ವಿರುದ್ಧ ಹೆಚ್ಚು ತಿರುಗಿರೋದು.

ಎರಡನೆಯದು, ಎಕ್ಕ ಸೋತ ನಂತರದ ಆಟಗಳು. ಎಕ್ಸೆಲ್‌ನಲ್ಲಿ ಬೇರೆ ಬಣ್ಣ ಹಚ್ಚಿ ನೋಡಿದೆ. ದೊಡ್ಡ ಎಲೆ ಸೋತ ಮೇಲಿನ ಒಂದು ಗಂಟೆಯಲ್ಲಿ ನಾನು ಆಡಿದ ಎಲೆಗಳನ್ನ ನೋಡಿದ್ರೆ ಯಾರೋ ಬೇರೆಯವನು ಕೂತು ಆಡಿದ ಹಾಗಿತ್ತು. ಬಿಸಾಕಬೇಕಾದ್ದನ್ನೆಲ್ಲಾ ಹಿಡಿದಿದ್ದೆ. ಪೋಕರ್ ಆಡೋರು ಇದಕ್ಕೆ 'ಟಿಲ್ಟ್' ಅಂತಾರೆ. ನಮ್ಮಲ್ಲಿ ತಲೆ ಕೆಟ್ಟು ಹೋಯ್ತು ಅಂತೀವಲ್ಲ, ಅದೇ. ಎಂಟು ಸಾವಿರ ಹೋದದ್ದು ಒಂದು ಎಲೆಯಿಂದಲ್ಲ. ಎಕ್ಕ ಬಂದ್ರೆ ಗೆಲುವು ನನ್ನ ಹಕ್ಕು ಅನ್ನೋ ನಂಬಿಕೆಯಿಂದ. 100ಕ್ಕೆ 80 ಸಲ ಗೆಲ್ಲೋ ಎಲೆಯಾದ್ರೂ ಸತತ ಎರಡು ಸಲ ಸೋಲೋದು 25ರಲ್ಲಿ ಒಂದು ಸಂಭವ. ಇಂಜಿನಿಯರಿಂಗ್‌ನಲ್ಲಿ ಪ್ರಾಬಬಿಲಿಟಿ ಓದಿ ಪಾಸಾದವನಿಗೆ ಇದು ಗೊತ್ತಿರಲಿಲ್ವಾ? ಗೊತ್ತಿತ್ತು. ರಾತ್ರಿ ಎರಡು ಗಂಟೆಗೆ ಗೊತ್ತಿರಲಿಲ್ಲ.

ಆನ್‌ಲೈನ್ ಅನ್ನೋದು ಇದನ್ನ ಇನ್ನೂ ಹದಗೆಡಿಸುತ್ತೆ. ಎದುರು ಬದುರು ಕೂತು ಕೈಯಲ್ಲಿ ಎಲೆ ಹಂಚಿದರೆ ಗಂಟೆಗೆ 25-30 ಆಟ. ನಾಲ್ಕು ಟೇಬಲ್ ಒಟ್ಟಿಗೆ ತೆರೆದು ಕೂತರೆ ಗಂಟೆಗೆ 250 ದಾಟುತ್ತೆ. ತಲೆ ಕೆಟ್ಟವನು ಊರ ಜಗಲಿಯಲ್ಲಾದ್ರೆ ಎದ್ದು ಬೀಡಿ ಸೇದೋಕೆ ಹೋಗ್ತಾನೆ, ಪಕ್ಕದವನು 'ಸಾಕು ಏಳೋ' ಅಂತಾನೆ. ಮೊಬೈಲ್ ಹಾಗೆ ಹೇಳಲ್ಲ. ಮುಂದಿನ ಎಲೆ ಆಗಲೇ ಹಂಚಿಯಾಗಿರುತ್ತೆ.

ಈಗ ಕಾನೂನಿನ ಮಾತು. ಪೋಕರ್ ಕೌಶಲವೋ ಅದೃಷ್ಟವೋ ಅಂತ ನಮ್ಮ ದೇಶದ ಕೋರ್ಟ್‌ಗಳಲ್ಲಿ ವರ್ಷಗಟ್ಟಲೆ ವಾದ ನಡೆದಿದೆ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನ ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ ಆಟಕ್ಕೆ ಹಾಕೋ ದುಡ್ಡಿನ ಮೇಲೆ ಶೇ. 28 ಜಿಎಸ್‌ಟಿ ಬಂತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ. ಅದು ಆ ಹಳೇ ವಾದವನ್ನೇ ಪಕ್ಕಕ್ಕಿಟ್ಟಿತು. ಕೌಶಲವೋ, ಅದೃಷ್ಟವೋ, ಎರಡೂ ಸೇರಿದ್ದೋ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಡೆಸುವಂತಿಲ್ಲ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಇದನ್ನ ಪ್ರಶ್ನಿಸಿ ಕಂಪನಿಗಳು ಕೋರ್ಟ್ ಮೆಟ್ಟಿಲೇರಿವೆ.

ಕೋರ್ಟ್ ಏನೇ ಹೇಳಲಿ, ನನ್ನ ಎಕ್ಸೆಲ್ ಹೇಳಿದ್ದು ಬದಲಾಗಲ್ಲ. ಪೋಕರ್‌ನಲ್ಲಿ ಕೌಶಲ ಇದೆಯಾ? ಇದೆ, ಖಂಡಿತ ಇದೆ. ಲಕ್ಷಾಂತರ ಆಟ ಆಡಿ, ರೇಕ್ ಕಳೆದೂ ಲಾಭದಲ್ಲಿರೋರು ಇದ್ದಾರೆ. ಆದರೆ ಆ ಕೌಶಲದಲ್ಲಿ ಒಳ್ಳೆ ಎಲೆ ಗುರುತಿಸೋದು ಅತಿ ಸುಲಭದ ಭಾಗ. ಒಂದು ಮಧ್ಯಾಹ್ನದಲ್ಲಿ ಕಲೀಬಹುದು. ಒಳ್ಳೆ ಎಲೆ ಸೋತಾಗ ಕೈ ನಡುಗದೇ ಮುಂದಿನ ಕೆಟ್ಟ ಎಲೆಯನ್ನ ಬಿಸಾಕೋದು ಕಷ್ಟದ ಭಾಗ. ನಾನು ಅದನ್ನ ಕಲಿಯಲಿಲ್ಲ. ಆಟ ಬಿಟ್ಟೆ. ಕಂತಿನ ದುಡ್ಡನ್ನ ಆ ತಿಂಗಳು ಅಪ್ಪನೇ ಕಟ್ಟಿದರು. ಮೂರು ತಿಂಗಳಲ್ಲಿ ವಾಪಸ್ ಕೊಟ್ಟೆ, ಎಣಿಸದೇ ಜೇಬಿಗೆ ಹಾಕ್ಕೊಂಡರು. ಜೀವನವಿಡೀ ಲೆಕ್ಕ ಬರೆದ ಮನುಷ್ಯ!

ದಾವಣಗೆರೆಯ ಅಮ್ಮಾ, ನೀವು ಇದನ್ನ ಓದ್ತಿದ್ರೆ ಒಂದು ಮಾತು. ಮಗನ ಜೊತೆ ಕೌಶಲವೋ ಅದೃಷ್ಟವೋ ಅಂತ ವಾದ ಮಾಡಬೇಡಿ, ಅವನು ಗೆಲ್ತಾನೆ. ನಿನ್ನೆ ಗೆದ್ಯಾ ಅಂತಲೂ ಕೇಳಬೇಡಿ, ಗೆದ್ದ ಆಟ ಅವನಿಗೆ ನೆನಪಿರುತ್ತೆ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಆಟಕ್ಕೆ ಹೋದ ದುಡ್ಡು ಒಂದು ಕಡೆ, ಆಟದಿಂದ ವಾಪಸ್ ಬಂದ ದುಡ್ಡು ಇನ್ನೊಂದು ಕಡೆ, ಅವನ ಕೈಯಲ್ಲೇ ಬರೆಸಿ, ಅವನ ಕೈಯಲ್ಲೇ ಕೂಡಿಸಿ. ಈಗ ಅವನು ಆಡ್ತಿರೋದು ಹೊರದೇಶದ ಯಾವುದೋ ಆ್ಯಪ್‌ನಲ್ಲಾದ್ರೆ, ಗೆದ್ದ ದುಡ್ಡು ಕೊಡದಿದ್ರೆ ಯಾರನ್ನ ಕೇಳ್ತೀಯ ಅಂತಲೂ ಒಂದು ಸಲ ಕೇಳಿ.

ಬೈಬೇಡಿ. ನನ್ನಪ್ಪ ಬೈದಿದ್ರೆ ನಾನು ಮತ್ತೆ ಆಡ್ತಿದ್ದೆನೇನೋ. ಲೆಕ್ಕ ಎಲ್ಲಿ ತಪ್ತು ಅಂತ ಕೇಳಿದ್ದಕ್ಕೆ ನಿಲ್ಲಿಸಿದೆ.